ಆಗಿನ ಹುಲ್ಲು, ಈಗಿನ ಹುಲ್ಲು

ಅರಕಲಗೂಡಿನಲ್ಲಿ ಬಸ್ಸು ಹತ್ತಿ ಕೂತರೆ ಕಾಲಡಿಯಲ್ಲಿ ಯಾರದೋ ಹಸಿಶುಂಠಿಯ ಮೂಟೆ. ಘಮ್ಮೆಂದು ಮೂಗಿಗೆ ಬಡಿಯಿತು ನೋಡಿ, ಒಬ್ಬಳೇ ನಗತೊಡಗಿದೆ. ಪಕ್ಕದ ಹೆಂಗಸು ಕೊಂಚ ಸರಿದು ಕೂತಳು. ಪಾಪ, ಅವಳದೇನೂ ತಪ್ಪಿಲ್ಲ. ಶುಂಠಿಯ ವಾಸನೆಗೆ ಗಣಿತ ನೆನಪಾಗುವವಳು ಹಾಸನ ಜಿಲ್ಲೆಗೆ ನಾನೊಬ್ಬಳೇ ಇರಬೇಕು.

ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಲೆಕ್ಕದ ಮೇಡಂ. ಕೆಲವು ವರ್ಷಗಳ ಹಿಂದೆ ಉಪಗ್ರಹದ ಚಿತ್ರಗಳಿಂದ ನೆಲ ಎಷ್ಟು ಬದಲಾಯಿತೆಂದು ಅಳೆಯುವ ಹುಚ್ಚು ಹತ್ತಿತ್ತು. ಹೊಳೆನರಸೀಪುರದ ಹತ್ತಿರ, ಹಳೇಕೋಟೆ ಕಡೆಯ ನಮ್ಮೂರಿನ ಹಳೆಯ ಚಿತ್ರವೊಂದು, ಹೊಸದೊಂದು. ಎರಡನ್ನೂ ಪುಟ್ಟ ಚೌಕಗಳಾಗಿ ಮಾಡಿ ಇದು ರಾಗಿ, ಇದು ಶುಂಠಿ, ಇದು ಹುಲ್ಲು ಎಂದು ಬಣ್ಣ ಹಚ್ಚುವುದು. ಒಲೆಯ ಮೇಲೆ ಸಾರು ಉಕ್ಕಿದರೂ ನನಗೆ ಎಚ್ಚರವಿರುತ್ತಿರಲಿಲ್ಲ.

ಆಗಲೇ ಊರಿನಲ್ಲಿ ಗೋಮಾಳದ ಮಾತು ಎದ್ದಿತು. ದನ ಮೇಯುವ ಆ ನೆಲದ ಬಹುಪಾಲು ಎಂದೋ ಶುಂಠಿಯ ಪಾಲಾಗಿತ್ತು. ಉಳಿದ ತುಂಡನ್ನೂ ಉಳುಮೆಗೆ ಕೊಡೋಣ, ಊರಲ್ಲಿ ಹುಲ್ಲಿಗೇನು ಬರ ಎಂದು ಕೆಲವರ ವಾದ. ಆ ತುಂಡು ಹೋದರೆ ಚಿಕ್ಕಪ್ಪ ದನ ಮಾರಬೇಕು. ಫೋನು ಮಾಡಿದರು.

"ನಿನ್ ಲೆಕ್ಕ ಏನ್ ಯೋಳ್ತದವ್ವಾ?"

ಹುಲ್ಲಿನ ಚೌಕಗಳನ್ನೆಲ್ಲ ಕೂಡಿ ನೋಡಿದೆ. ಆಗ ಎಷ್ಟು ಹುಲ್ಲಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ.

"ಹುಲ್ಲೇನೂ ಕಮ್ಮಿ ಆಗಿಲ್ಲ, ಚಿಕ್ಕಪ್ಪ."

"ಅಂಗಾರೆ ನಮ್ ಗೌರಿ ಯಾಕವ್ವಾ ಬಡಕ್ಲಾಗವ್ಳೆ?"

ಗೌರಿ ಅವರ ಹಸು. ಹಸು ಸುಳ್ಳು ಹೇಳುವುದಿಲ್ಲ, ಕೂಡಿದ್ದರಲ್ಲೂ ತಪ್ಪಿಲ್ಲ.

ಮೊತ್ತವನ್ನು ಪಕ್ಕಕ್ಕಿಟ್ಟು ಚೌಕಕ್ಕೆ ಚೌಕ ಹೊಂದಿಸಿದೆ. ಕೋಷ್ಟಕವೊಂದನ್ನು ಹಾಕಿದೆ: ಅಡ್ಡಸಾಲಿನಲ್ಲಿ ಅಂದು ಏನಿತ್ತು, ಉದ್ದಸಾಲಿನಲ್ಲಿ ಇಂದು ಏನಾಗಿದೆ. ಅಬ್ಬಾ! ಹೆಚ್ಚುಕಡಿಮೆ ಹುಲ್ಲೆಲ್ಲ ಶುಂಠಿಯಾಗಿತ್ತು, ಶುಂಠಿಯೆಲ್ಲ ಹುಲ್ಲಾಗಿತ್ತು. ಕಳೆದದ್ದಕ್ಕೂ ಕೂಡಿದ್ದಕ್ಕೂ ಸರಿಹೋಗಿ ಮೊತ್ತ ಏನೂ ಅರಿಯದಂತೆ ಕೂತಿತ್ತು. ಅಂದೂ ಇಂದೂ ಹುಲ್ಲಾಗಿಯೇ ಉಳಿದ ಚೌಕಗಳು ಹಿಡಿಯಷ್ಟು ಮಾತ್ರ, ಅದೇ ಗೋಮಾಳದ ತುಂಡು. ನಮ್ಮ ಕಡೆ ಶುಂಠಿ ಕಿತ್ತ ನೆಲಕ್ಕೆ ಮರುವರ್ಷ ಶುಂಠಿ ಹಾಕುವುದಿಲ್ಲ, ರೋಗ ತಗಲುತ್ತದೆ. ಎಷ್ಟೋ ಜನ ಬೀಳು ಬಿಡುತ್ತಾರೆ. ಅಲ್ಲಿ ಹುಲ್ಲೇನೋ ಬೆಳೆಯುತ್ತದೆ, ಆದರೆ ಸುತ್ತ ಬೇಲಿ. ಉಪಗ್ರಹಕ್ಕೆ ಆ ಬೇಲಿ ಕಾಣುವುದಿಲ್ಲ, ಗೌರಿಗೆ ಕಾಣುತ್ತದೆ. ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ಗ್ರಾಮಸಭೆಯಲ್ಲಿ ದೊಡ್ಡ ಹಾಳೆ ತೂಗುಹಾಕಿ ವಿವರಿಸಿದೆ. ಹುರುಪಿನಲ್ಲಿ, "ಹಿಂದಿನ ಬೆಂಚು, ಅರ್ಥವಾಯಿತಾ?" ಎಂದೂ ಕೇಳಿಬಿಟ್ಟೆ. ಅಲ್ಲಿದ್ದವರು ಗೋಮಾಳ ಕೊಡೋಣವೆಂದ ಹಿರಿಯರೇ! ನಾಲಿಗೆ ಕಚ್ಚಿಕೊಂಡೆ. ಅವರಲ್ಲೊಬ್ಬರು ಎದ್ದು ಚಿಕ್ಕಪ್ಪನ ಕಡೆ ಕೈ ತೋರಿದರು.

"ಆಯ್ತು ಕಣವ್ವಾ. ನಮ್ ಬೀಳೊಳಕ್ಕೆ ಇವ್ನ ದನ ಬಿಡಾಕಿಲ್ಲ ನಾವು. ಅಂದ್ಮ್ಯಾಕೆ ಅದ್ನ ಊರ ಮೇವು ಅಂತ ಎಣಿಸೋದು ನ್ಯಾಯ ಅಲ್ಲ."

ಆ ತುಂಡು ಉಳಿಯಿತು. ನನಗಾದ ಸಂತೋಷವನ್ನು ಅಳೆಯುವ ಸೂತ್ರ ಇನ್ನೂ ಸಿಕ್ಕಿಲ್ಲ.

ಬಸ್ಸು ಹೊಳೆನರಸೀಪುರದ ಹತ್ತಿರ ಬರುತ್ತಿತ್ತು. ಕಿಟಕಿಯಾಚೆ ಎಲ್ಲೆಲ್ಲೂ ಹಸಿರು. ಮೊದಲಾಗಿದ್ದರೆ ಆಹಾ ಎನ್ನುತ್ತಿದ್ದೆ, ಈಗ ಕಣ್ಣು ತಾನಾಗಿಯೇ ಬೇಲಿ ಹುಡುಕುತ್ತದೆ. ಚಿಕ್ಕಪ್ಪನಿಗೆ ಫೋನು ಮಾಡಿದೆ.

"ಎಲ್ಲಿದ್ದೀರಿ?"

"ನಿನ್ ಚೌಕದೊಳ್ಗೇ ಕಣವ್ವಾ. ಗೌರಿ ಮಗ್ಳು ಮೇಯ್ತಾವ್ಳೆ. ಬಂದ್ ನೋಡು, ಎಂಗವ್ಳೆ ಅಂತ!"

ಟಿಕೇಟು ಚನ್ನರಾಯಪಟ್ಟಣಕ್ಕಿತ್ತು. ಹೊಳೆನರಸೀಪುರದಲ್ಲೇ ಇಳಿದುಬಿಟ್ಟೆ.