ನಾನು ಹಾಕದ ಸೂಜಿಗೆ ನನ್ನ ಸಹಿ ಇಲ್ಲ

"ನೀವು ಬ್ಯಾಡ್ರಿ, ನರ್ಸಮ್ಮ ಸೂಜಿ ಮಾಡ್ಲಿ" ಎಂದು ದೇವಾಪುರದ ಹೆಂಗಸು ತೋಳು ಹಿಂದಕ್ಕೆ ಎಳೆದುಕೊಂಡಳು. ಮೂರು ವರ್ಷ ನರ್ಸಿಂಗ್ ಓದಿ, ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಮಂಡ್ಯದಿಂದ ಶಹಾಪುರದ ಈ ಖಾಸಗಿ ಆಸ್ಪತ್ರೆಗೆ ಬಂದವಳು ನಾನು. ಆಕೆ ಬೆರಳು ತೋರಿಸಿದ್ದು ಅದೇ ವಾರ್ಡಿನ ಶಾಹೇದಾಕ್ಕನ ಕಡೆಗೆ. ಇಬ್ಬರ ಮೈಮೇಲೂ ಒಂದೇ ಬಿಳಿ ಕೋಟು.

ಮಂಡ್ಯದ ನಮಗೆ ನಾಲೆ, ಇಲ್ಲಿಯವರಿಗೆ ಕೆನಾಲ್. ನೀರು ಬಿಟ್ಟರೆ ನಾಟಿ, ನಾಟಿ ಶುರುವಾದರೆ ಕೆಸರಿನಲ್ಲಿ ಕೊಳೆತ ಕಾಲುಗಳು ನಮ್ಮ ವಾರ್ಡಿಗೆ ಬರುತ್ತವೆ. ಭತ್ತದ ಗದ್ದೆ ಕಂಡು ಊರು ನೆನಪಾದರೂ ತಟ್ಟೆಗೆ ಬಂದದ್ದು ಮುದ್ದೆಯಲ್ಲ, ಜೋಳದ ರೊಟ್ಟಿ, ಪುಂಡಿಪಲ್ಯ. ಬಾಡಿಗೆಗೆ ಕೋಣೆ ಕೇಳಿದ ಕಡೆಯೆಲ್ಲ "ಒಬ್ಬಾಕಿನೇ ಏನ್ರಿ?" ಎಂದು ಬಾಗಿಲು ಹಾಕಿದರು. ಕೊನೆಗೆ ತನ್ನ ಓಣಿಯಲ್ಲಿ ಕೋಣೆ ಕೊಡಿಸಿದವಳು ಶಾಹೇದಾಕ್ಕ. ಬಿಕೋ ಎನ್ನುವ ಸಂಜೆಗಳಲ್ಲಿ ಬಿಸಿ ರೊಟ್ಟಿ ಕಳಿಸುತ್ತಿದ್ದವಳೂ ಅವಳೇ.

ಎಲ್ಲರೂ ನರ್ಸಮ್ಮ ಎನ್ನುವಾಗ ನಾನೂ ಅವಳನ್ನು ಹಿರಿಯ ನರ್ಸ್ ಎಂದುಕೊಂಡೆ. ದೇವಾಪುರದವಳನ್ನು ಹೇಗೋ ಒಪ್ಪಿಸಿ, ಔಷಧ ಮೈಗೆ ಒಗ್ಗುತ್ತದೋ ಎಂದು ನೋಡಲು ಚರ್ಮದಡಿ ಚೂರೇ ಚೂರು ಹಾಕಿ, "ಅರ್ಧ ಗಂಟೆ ಬಿಟ್ಟು ನೋಡಿ ಅಕ್ಕ" ಎಂದು ಹೇಳಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಶಾಹೇದಾಕ್ಕ ಸಿರಿಂಜು ತುಂಬಿಕೊಂಡು ನಿಂತಿದ್ದಳು. ರೋಗಿಯ ಮುಂಗೈ ಕೆಂಪಗೆ ದದ್ದೆದ್ದಿತ್ತು. ಓಡಿಹೋಗಿ ಸಿರಿಂಜು ಕಿತ್ತುಕೊಂಡೆ. ಪೂರ್ತಿ ಔಷಧ ಹೋಗಿದ್ದರೆ ಜೀವಕ್ಕೇ ಕುತ್ತು.

"ಅರ್ಧ ತಾಸು ಆತಲ್ಲ. ಕೈಯಾಗ ಏನ್ ನೋಡಬೇಕಂತ ನನಗ ಯಾರೂ ಹೇಳಿಲ್ಲ" ಎಂದಳು.

"ನೀವು ಎಲ್ಲಿ ಓದಿದ್ದು ಅಕ್ಕ?"

"ಹತ್ತನೇತ್ತಾ ಫೇಲ್. ಕಸಾ ಹೊಡ್ಯಾಕ ಬಂದಾಕಿ, ನೋಡಿ ನೋಡಿ ಕಲತೀನಿ."

ಡಾಕ್ಟರಿಗೆ ಹೇಳಿದೆ. ಅವರು ಔಷಧ ಬದಲಿಸಿ, ಅವತ್ತಿನ ಸೂಜಿಗಳ ಚೀಟಿ ನನ್ನ ಮುಂದೆ ಸರಿಸಿದರು. "ಸೂಜಿ ಯಾರರ ಮಾಡ್ಲಿ, ಸಹಿ ನೀವೇ ಮಾಡ್ರಿ." ನನ್ನನ್ನು ಕರೆಸಿದ್ದು ಕೆಲಸಕ್ಕಲ್ಲ, ನನ್ನ ನೋಂದಣಿಗೆ ಎಂದು ಆಗ ಅರ್ಥವಾಯಿತು. ಚೀಟಿ ವಾಪಸ್ ಸರಿಸಿದೆ.

"ನಾನು ಹಾಕದ ಸೂಜಿಗೆ ನನ್ನ ಸಹಿ ಇಲ್ಲ ಸರ್. ನಾನು ಬೇಡ ಅಂದ್ರೆ ನಾಳೆನೇ ಮಂಡ್ಯದ ಬಸ್ ಹತ್ತೀನಿ."

ಮರುದಿನ ಗೋಡೆಗೆ ಕಾಗದ ಅಂಟಿಸಿದೆ: ಯಾರು ನರ್ಸ್, ಯಾರು ಸಹಾಯಕಿ, ಯಾರು ಏನು ಓದಿದ್ದಾರೆ, ಯಾರು ಯಾವ ಕೆಲಸ ಮಾಡಬಹುದು. ಡಾಕ್ಟರು ಹರಿದರು. ಮತ್ತೆ ಅಂಟಿಸಿದೆ. ಮತ್ತೆ ಹರಿದರು. ಮೂರನೆಯದನ್ನು ಮುಟ್ಟಲಿಲ್ಲ, ಓದಿದ ನರ್ಸು ಇನ್ನೊಬ್ಬಳು ಸಿಗುವುದು ಸುಲಭವಿರಲಿಲ್ಲ.

ರೊಟ್ಟಿ ಬರುವುದು ನಿಂತಿತು. ನಾಲ್ಕು ದಿನದ ಮೇಲೆ ಶಾಹೇದಾಕ್ಕ ನನ್ನ ಬಾಗಿಲಿಗೇ ಬಂದಳು. "ಹನ್ನೆರಡು ವರ್ಷ ನರ್ಸಮ್ಮ ಅನಿಸಿಕೊಂಡೀನಿ. ಒಂದು ಕಾಗದ ಹಚ್ಚಿ ಕಸಾ ಮಾಡಿಬಿಟ್ಟಿ ನನ್ನ."

ನನಗೆ ಅಳು ಬಂತು. ಕಾಗದ ಮಾತ್ರ ತೆಗೆಯಲಿಲ್ಲ.

ಮರುದಿನ ಅವಳು ಬಿಳಿ ಕೋಟು ಬಿಟ್ಟು, ಸಹಾಯಕಿಯರ ನೀಲಿ ಕೋಟು ಹಾಕಿಕೊಂಡು ಬಂದಳು. ದೇವಾಪುರದವಳು ಎಂದಿನಂತೆ ಅವಳ ಕಡೆಗೇ ತೋಳು ಚಾಚಿದಳು. "ನಾ ನರ್ಸಮ್ಮ ಅಲ್ಲವ್ವ. ಸೂಜಿ ಇವರು ಮಾಡ್ತಾರ, ಓದಿ ಬಂದಾರ. ನಾ ಕೈ ಹಿಡಿತೀನಿ" ಎಂದಳು ಶಾಹೇದಾಕ್ಕ. ಅವಳು ಹಿಡಿದ ಮೇಲೆಯೇ ಆಕೆ ತೋಳು ನನ್ನ ಕಡೆ ತಿರುಗಿಸಿದಳು. ಅದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಕಳೆದ ಸಲ ಮಂಡ್ಯಕ್ಕೆ ಹೋದಾಗ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಬಿಳಿ ಕೋಟಿನ ಹುಡುಗಿಯೊಬ್ಬಳು ಸಿರಿಂಜು ಹಿಡಿದು ಬಂದಳು. "ನೀವು ಏನು ಓದೀರಿ?" ಎಂದೆ, ಥೇಟ್ ಶಹಾಪುರದ ದನಿಯಲ್ಲಿ.

"ಯಾವೂರ ಮಾತೇ ಇದು, ಸುಮ್ನಿರು" ಎಂದು ಅಮ್ಮ ನಾಚಿಕೊಂಡಳು. ಶಹಾಪುರದಲ್ಲಿ ನಾನು ಇವತ್ತಿಗೂ ಮಂಡ್ಯದಾಕಿ.

ಹುಡುಗಿ ತಲೆ ತಗ್ಗಿಸಿ ಸಿರಿಂಜು ಕೆಳಗಿಟ್ಟು, ನರ್ಸನ್ನು ಕರೆಯಲು ಹೋದಳು. ನಾನು ಅಮ್ಮನ ಕೈ ಹಿಡಿದು ಕೂತೆ, ಶಾಹೇದಾಕ್ಕ ಹಿಡಿಯುವ ಹಾಗೆ.