ಇದ್ದ ನೀರು

ಕಾಕುವಿನ ಎಡ ಮೊಣಕೈಯ ಒಳಮಗ್ಗುಲಲ್ಲಿ ಒಂದು ಕಪ್ಪು ಗೆರೆ ಇತ್ತು. ಬಳೆಯಷ್ಟು ದಪ್ಪ, ಅರ್ಧ ಸುತ್ತು. ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಿನಿಂದ ತಾಮ್ರದ ಕೊಡವನ್ನು ಸೊಂಟದ ಮೇಲಿಟ್ಟು, ಅದರ ಕಂಠವನ್ನು ಆ ತೋಳಿನಲ್ಲಿ ಬಳಸಿ ಹಿಡಿದು, ಹೊತ್ತು ಹೊತ್ತು ಬಿದ್ದ ಗುರುತು. ಚಿಕ್ಕವಳಿದ್ದಾಗ ನಾನು ಅದನ್ನು ಮಸಿ ಎಂದುಕೊಂಡು, ಬೆರಳಿಗೆ ಎಂಜಲು ಹಚ್ಚಿ ಒರೆಸಲು ಹೋಗಿದ್ದೆ. ಕಾಕು ಬೆಂಕಿ ಮುಟ್ಟಿದವರಂತೆ ಕೈ ಎಳೆದುಕೊಂಡರು. ಆಮೇಲೆ ನಕ್ಕರು.

"ಮುಟ್ಟಬ್ಯಾಡವಾ, ಮಡಿಯೊಳಗಿದೀನಿ. ಅದು ಹೋಗೂದಿಲ್ಲ. ತವರಮನಿಯವರು ಹಾಕಿ ಕಳಿಸಿದ ಬಳಿ ಅದು."

ಅವರಿಗೊಂದು ಚೆಂದದ ಹೆಸರಿತ್ತು, ರೇಷನ್ ಕಾರ್ಡಿನಲ್ಲಿ ಮಾತ್ರ. ಕಾಲನಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ; ಅವರ ಯಜಮಾನರು ಕಾಕಾ. ಕಾಕಾ ಕಚೇರಿಯ ಕೆಲಸದಿಂದ ನಿವೃತ್ತರಾದವರು. ಮನೆಯಲ್ಲಿ ಮಾತಾಡುವ ಜವಾಬ್ದಾರಿಯನ್ನು ಪೂರ್ತಿಯಾಗಿ ಹೆಂಡತಿಗೆ ಬಿಟ್ಟುಕೊಟ್ಟು, ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದರು.

ನಾವು ಸಿರಸಂಗಿ ಬಿಟ್ಟು ಸವದತ್ತಿಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅಪ್ಪ ಊರ ಹೊರಗೆ ಪ್ಲಾಟು ಹಿಡಿದಿದ್ದ. ಹಿಂದಿನ ವರ್ಷದವರೆಗೆ ಜೋಳ ಬೆಳೆದಿದ್ದ ಎರೆ ಹೊಲದಲ್ಲಿ ಕಲ್ಲು ನೆಟ್ಟು, ನಾಲ್ಕು ಓಣಿ ಎಳೆದು, ಅದಕ್ಕೆ ನಗರವೆಂದು ಬೋರ್ಡು ಹಾಕಿದ್ದರು. ನಮ್ಮದು ನೀರಿನ ಟಾಕಿಗೆ ಹತ್ತಿರದ ಮೊದಲ ಓಣಿ. ಕಾಕುವಿನ ಮನೆ ಪಕ್ಕದಲ್ಲೇ, ನಡುವೆ ಮೊಣಕಾಲೆತ್ತರದ ಗೋಡೆ. ನಾಲ್ಕನೆಯದು ಕಡೇ ಓಣಿ, ದಿಬ್ಬದ ಮೇಲೆ. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ನಳ ಬರುತ್ತಿತ್ತು. ಮೂರು ಓಣಿಯವರು ತುಂಬಿಕೊಂಡ ಮೇಲೆ ಉಳಿದ ನೀರು ದಿಬ್ಬ ಹತ್ತಬೇಕು. ಉಳಿಯುತ್ತಿರಲಿಲ್ಲ.

ಉಳಿಯದಿದ್ದದ್ದು ನಮ್ಮಂಥವರ ದೆಸೆಯಿಂದ. "ನಳಾ ಬಂತ್ರೀ" ಎಂಬ ಕೂಗು ಕೇಳಿದ್ದೇ ತಡ, ನನ್ನ ಅವ್ವ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮನೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಚೆಲ್ಲುವುದು. ಅರ್ಧ ಕೊಡವಿರಲಿ, ಮುಕ್ಕಾಲು ಹಂಡೆಯಿರಲಿ, ಗಟಾರಕ್ಕೆ. ಏಕೆಂದರೆ ಅದು "ಹಳೀ ನೀರು". ಹೊಸ ನೀರು ಬಾಗಿಲಿಗೆ ಬಂದಾಗ ಹಳೆಯದನ್ನು ಇಟ್ಟುಕೊಳ್ಳುವವರು ಸೋಮಾರಿಗಳು ಎಂದು ಅವಳ ನಂಬಿಕೆ. ಅವಳೊಬ್ಬಳದಲ್ಲ, ಮೂರೂ ಓಣಿಯ ಹೆಂಗಸರದು. ನಳ ಬಂದ ಬೆಳಿಗ್ಗೆ ನಮ್ಮ ರಸ್ತೆ ಮಳೆ ಬಿದ್ದಂತೆ ತೊಯ್ದಿರುತ್ತಿತ್ತು. ನಮಗೆ ಮಕ್ಕಳಿಗೆ ಅದೇ ಹಬ್ಬ.

ಈ ವಿದ್ಯೆಯಲ್ಲಿ ಎಲ್ಲರಿಗೂ ಗುರು ಕಾಕು. ಉಗರಗೋಳದ ಅವರ ತವರಿನಲ್ಲಿ ಹಿತ್ತಲ ಬಾವಿಯಿತ್ತಂತೆ. ದಿನಾ ಬೆಳಿಗ್ಗೆ ಮಡಿಯಲ್ಲಿ ಹೊಸ ನೀರು ಸೇದಬೇಕು, ನಿನ್ನೆಯದನ್ನು ಹೂವಿನ ಗಿಡಕ್ಕೆ ಹಾಕಬೇಕು. ಆ ರೂಢಿಯನ್ನು ಅವರು ಬಾವಿಯಿಲ್ಲದ, ಗಿಡವಿಲ್ಲದ ಪ್ಲಾಟಿಗೂ ತಂದಿದ್ದರು. ಅಷ್ಟು ಶಾಸ್ತ್ರ ಬಲ್ಲ ಕಾಕುವೇ ಚೆಲ್ಲುತ್ತಾರೆಂದ ಮೇಲೆ ಬೇರೆಯವರು ಕೇಳುವುದೇನಿದೆ?

ಅಂಥ ಒಂದು ಬೆಳಿಗ್ಗೆ, ಬೇಸಿಗೆಯಲ್ಲಿ, ಕಾಕು ಗಟಾರದ ಬದಿಗೆ ನಿಂತು ಕೊಡ ಬಗ್ಗಿಸಿದ್ದರು. ಕಡೇ ಓಣಿಯಲ್ಲಿ ಹೊಲಿಗೆ ಮಾಡಿ ಸಂಸಾರ ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ಅವಳು ಖಾಲಿ ಕೊಡ ಹಿಡಿದು ಬಂದವಳೇ ಕುಕ್ಕರಗಾಲಲ್ಲಿ ಕುಳಿತು, ಅದನ್ನು ಕಾಕುವಿನ ಕೊಡದ ಬಾಯಿಗೆ ಒಡ್ಡಿದಳು.

"ತಡೀರಿ ಕಾಕುರ. ಚೆಲ್ಲೂದಾದ್ರ ಇದರಾಗ ಚೆಲ್ಲರಿ."

"ಹಳೀ ನೀರವಾ ಇದು," ಎಂದರು ಕಾಕು.

"ನಮ್ಮ ಮನ್ಯಾಗ ಹಳೀದೂ ಇಲ್ರಿ, ಹೊಸಾದೂ ಇಲ್ರಿ. ಕೂಸಿಗೆ ಕುಡಸಾಕ ಬೇಕಾಗೈತ್ರಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದೇ ಕಾಕುವಿಗೆ ತಾಗಿದ್ದು ಎಂದು ನನಗೆ ಈಗ ಅನ್ನಿಸುತ್ತದೆ. ಮೇಲಿನ ಕೊಡದಿಂದ ಬೇರೆಯವರ ಕೊಡಕ್ಕೆ ಧಾರೆ ಮುಟ್ಟಿದರೆ ಅವರ ಲೆಕ್ಕದಲ್ಲಿ ಮೈಲಿಗೆ. ಕಾಕು ಒಮ್ಮೆ ಆ ಖಾಲಿ ಕೊಡವನ್ನು ನೋಡಿದರು. ಆಮೇಲೆ ಸುರಿದರು, ಕೊನೆಯ ಹನಿಯವರೆಗೆ. ಮೈಲಿಗೆಯಾದದ್ದಕ್ಕೆ ಮತ್ತೆ ಸ್ನಾನ ಮಾಡಬೇಕಿತ್ತು, ಮಾಡಲಿಲ್ಲ. ಮಾಡಿದರೆ ಇನ್ನೊಂದು ಬಕೆಟ್ಟು ನೀರು ಹೋಗುತ್ತದಲ್ಲ. ಅವತ್ತು ಕಾಕು ಊಟಕ್ಕೂ ಏಳಲಿಲ್ಲವೆಂದು ಕಾಕಾ ಗೋಡೆಯಾಚೆಯಿಂದ ಅವ್ವನಿಗೆ ಹೇಳಿದರು.

ಎರಡು ದಿನ ಬಿಟ್ಟು ಕಾಕು ಅವ್ವನನ್ನೂ ಓಣಿಯ ಮತ್ತಿಬ್ಬರು ಹೆಂಗಸರನ್ನೂ ಹೊರಡಿಸಿದರು. "ನೀರು ಎಲ್ಲಿಂದ ಬರತದ ನೋಡಿ ಬರೋಣ ನಡೀರಿ." ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿ ನವಿಲುತೀರ್ಥದ ಅಣೆಕಟ್ಟಿಗೆ ಹೋದೆವು. ನಾನೂ ಜೊತೆಗಿದ್ದೆ. ಕಟ್ಟೆಯ ಹಿಂದೆ ಮಲಪ್ರಭೆ ತಗ್ಗಿ, ದಂಡೆಯ ರಾಡಿ ಒಣಗಿ ಬಿರಿದಿತ್ತು. ನೀರಿನ ಮಟ್ಟ ನೋಡಿ ಬರೆದುಕೊಳ್ಳುವ ನೌಕರನೊಬ್ಬ ಅಲ್ಲಿದ್ದ. ಕಾಕು ನೇರವಾಗಿ ಅವನ ಹತ್ತಿರ ಹೋದರು.

"ಯಪ್ಪಾ, ಸವದತ್ತಿ ನಳಕ್ಕ ಬರೂ ನೀರು ಇದೇ ಏನು?"

"ಹೌದ್ರಿ ಅವ್ವಾರ."

"ಎಂದಿಂದು ಇದು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಂದಿಂದು ಅಂದ್ರ? ಹ್ವಾದ ಮಳಿಗಾಲದಾಗ ಬಂದದ್ದರಿ. ಅದರ ಹಿಂದಿನ ವರ್ಷದ್ದೂ ಒಂದೀಟು ಇರಬೇಕು."

ಕಾಕು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಕೇಳಿದ್ರೇನ? ವರ್ಷಗಟ್ಟಲೆ ಇಲ್ಲಿ ಕೂತ ನೀರು ಹೊಸಾದಂತ. ನಮ್ಮನಿಗೆ ಬಂದ ನಾಕು ದಿನಕ್ಕ ಅದಕ್ಕ ವಯಸ್ಸಾತಂತ! ನಾ ಎಂಥಾ ಶಾಣ್ಯಾಕಿ!" ನಗುತ್ತಿದ್ದವರ ಕಣ್ಣಲ್ಲಿ ನೀರಿತ್ತು. ಬರುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದರು. "ಗಿಡಕ್ಕ ಹಾಕಿದ್ದು ತಿರಗಿ ಬಾವಿಗೇ ಇಳೀತಿತ್ತು. ಗಟಾರಕ್ಕ ಹಾಕಿದ್ದು ಯಾರಿಗೆ ಮುಟ್ಟತದ?"

ಮರುದಿನದಿಂದ ಕಾಕುವಿನ ಹೊಸ ಶಾಸ್ತ್ರ ಶುರುವಾಯಿತು. ಹಳೀ ನೀರು ಎಂಬ ಮಾತನ್ನು ಯಾರೂ ಆಡಕೂಡದು. "ಇದ್ದ ನೀರು ಅನ್ರಿ. ಮನ್ಯಾಗ ಇದ್ದ ಅಕ್ಕಿಗೆ ಹಳೀ ಅಕ್ಕಿ ಅಂತ ಚೆಲ್ಲತೀರೇನು?" ಇದ್ದದ್ದರ ಮೇಲೆಯೇ ತುಂಬಬೇಕು. ತುಂಬಿದ ಕೂಡಲೇ ನಳ ತಿರುವಿ, ಪಕ್ಕದ ಮನೆಗೆ ಕೇಳುವಂತೆ "ನಮ್ದಾತ್ರೀ" ಎಂದು ಕೂಗಬೇಕು. ಕೂಗು ಮನೆಯಿಂದ ಮನೆಗೆ ಹೋಗಿ ಕಡೇ ಓಣಿ ಮುಟ್ಟಬೇಕು. ಅಲ್ಲಿ ನೀರು ಬಿದ್ದಾಗ ಹೊಲಿಗೆಯಾಕೆ "ಬಂತ್ರೀ ಕಾಕೂ" ಎನ್ನಬೇಕು. ಆ ಕೂಗು ಕೇಳುವ ತನಕ ತಾನು ದೇವರ ಪೂಜೆಗೆ ಕೂಡುವುದಿಲ್ಲ ಎಂದು ಕಾಕು ಸಾರಿದರು. ಪೂಜೆಯಾಗದೆ ಅವರು ಬಾಯಿಗೆ ನೀರು ಹಾಕುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲ ಸಲ ಕೂಗು ಬರಲಿಲ್ಲ. ಎರಡನೇ ಸಲವೂ ಇಲ್ಲ. ಎರಡೂ ದಿನ ಕಾಕು ಉಪವಾಸ ಬಿದ್ದರು.

ಕಳ್ಳತನ ಎಲ್ಲಿ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನಮ್ಮ ಮನೆಯಲ್ಲೇ. ಕಾಕುವಿನೆದುರು ಹೂಂಗುಟ್ಟಿ ಬಂದ ಅವ್ವ, ರಸ್ತೆಗೆ ಚೆಲ್ಲುವುದನ್ನು ಬಿಟ್ಟು ಬಚ್ಚಲಿಗೆ ಚೆಲ್ಲುತ್ತಿದ್ದಳು. ಒಂದೊಂದು ಓಣಿಯಲ್ಲಿ ಇಂಥ ಎಷ್ಟು ಬಚ್ಚಲಿದ್ದವೋ. ಮೂರನೇ ಸಲ ನಳ ಬಂದ ದಿನ, ಅವ್ವ ಬಚ್ಚಲಿಗೆ ಬಗ್ಗಿಸಿದ ಮೊದಲ ಕೊಡದ ಸದ್ದು ಗೋಡೆಯಾಚೆ ಕೇಳಿರಬೇಕು. ಕಾಕು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅಲ್ಲಿಯತನಕ ಅವರು ನಮ್ಮ ಪಡಸಾಲೆ ದಾಟಿದವರಲ್ಲ.

"ಏನ್ರೀ, ಬಾಯಾರಿಕಿ ಆಗ್ಯದ. ಒಂದ ವಾಟಗಾ ನೀರು ಕೊಡ್ರಿ."

ಅವ್ವ ಗಡಬಡಿಸಿ ಸಣ್ಣ ಲೋಟವೊಂದನ್ನು ಕೈಗೆತ್ತಿಕೊಂಡಳು. ಪರರ ಮನೆಯಲ್ಲಿ ಒಂದು ಹನಿ ಮುಟ್ಟದ ಬಾಯಿ ಅದು. "ಒಂದೀಟ ತಡೀರಿ ಕಾಕುರ, ಹೊಸಾದು ತುಂಬಿ ಕೊಡತೇನಿ."

"ಬ್ಯಾಡ. ಆ ಕೊಡದಾಗ ಇದ್ದದ್ದ ಕೊಡ್ರಿ."

ಕಾಕು ಕತ್ತೆತ್ತಿ, ತುಟಿ ತಾಗಿಸದೆ, ಗಟಗಟ ಕುಡಿದರು. ಪೂಜೆಯಾಗಿರಲಿಲ್ಲ, ಕೂಗು ಬಂದಿರಲಿಲ್ಲ, ಮಡಿಯಂತೂ ಕೇಳಲೇಬೇಡಿ. ವಾಟಗಾ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾ ಕುಡದ ನೀರದು. ಇನ್ನ ಹ್ಯಾಂಗ ಹಳೀದಾಗತದ, ಹೇಳ್ರಿ," ಎಂದು ಹೊರಟುಹೋದರು.

ಅವ್ವ ಆ ಕೊಡವನ್ನು ಎತ್ತಿ ನಳದ ಕೆಳಗಿಟ್ಟಳು. ಇದ್ದದ್ದರ ಮೇಲೆಯೇ ತುಂಬಿಸಿ, ನಳ ತಿರುವಿ, ಹೊರಗೆ ಬಂದು "ನಮ್ದಾತ್ರೀ" ಎಂದು ಎಂಥ ದನಿ ತೆಗೆದಳೆಂದರೆ ಅಪ್ಪ ಏನಾಯಿತೋ ಎಂದು ಓಡಿ ಬಂದ. ಮಧ್ಯಾಹ್ನದೊಳಗೆ ಕಾಕು ನಮ್ಮ ಮನೆಯಲ್ಲಿ ನಾಲ್ಕು ದಿನದ ನೀರು ಕುಡಿದ ಸುದ್ದಿ ಎಲ್ಲ ಓಣಿಗೂ ಹರಡಿತು. ಹರಡಿದವಳು ಅವ್ವನೇ. ಮುಂದಿನ ಸಲ ನಳ ಬಂದಾಗ ಕೂಗು ಮನೆಯಿಂದ ಮನೆಗೆ ದಾಟಿ ದಿಬ್ಬ ಹತ್ತಿತು. ಮೇಲಿನಿಂದ ಬಂತು: "ಬಂತ್ರೀ ಕಾಕೂ!" ಕಾಕು ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಗಂಟೆ ಬಾರಿಸಿದರು. ಕಾಕಾ ಮಾತ್ರ ಪೇಪರಿನ ಹಿಂದೆ ಮೂಗು ಒರೆಸಿಕೊಳ್ಳುತ್ತಿದ್ದರು.

ಕಾಕು ದೇವತೆಯೇನಲ್ಲ. ಬಾಯಿ ಬಹಳ ಜೋರು. ನೀರಿನ ವಿಷಯದಲ್ಲಂತೂ ನಂತರದ ವರ್ಷಗಳಲ್ಲಿ ಅತಿಯೇ ಆಯಿತು. ಬಂದವರಿಗೆ ಅರ್ಧ ವಾಟಗಾ ನೀರು ಕೊಡುತ್ತಿದ್ದರು. ನನ್ನನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬಂದ ದಿನ, ಬೇಡ ಬೇಡವೆಂದರೂ ನೀರು ಕೊಡುವ ಕೆಲಸಕ್ಕೆ ತಾವೇ ನಿಂತರು. ಅರ್ಧ ವಾಟಗಾ ನೋಡಿ ಗಂಡಿನ ತಾಯಿಯ ಮುಖ ಸಣ್ಣದಾಯಿತು. "ಇಷ್ಟ ಏನ್ರೀ?" ಎಂದರು.

"ಕುಡೀರಿ, ಮತ್ತ ಕೊಡತೀನಿ. ಹತ್ತು ಸಲ ಕೇಳ್ರಿ, ಹತ್ತು ಸಲ ಕೊಡತೀನಿ. ಬಿಟ್ಟ ಎದ್ರ ಮಾತ್ರ ಬೈತೀನಿ."

ನನ್ನ ಸಂಬಂಧ ಅಲ್ಲಿಗೆ ಮುಗಿಯಿತೆಂದು ಅವ್ವ ಒಳಗೆ ತಲೆಗೆ ಕೈ ಹಚ್ಚಿ ಕುಳಿತಳು. ಮುಗಿಯಲಿಲ್ಲ. ಆ ಅತ್ತೆ ಇವತ್ತು ರಾಮದುರ್ಗದ ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಅರ್ಧ ವಾಟಗಾ ಕೊಟ್ಟು, ಅದೇ ಮಾತನ್ನು ತಮ್ಮದೇ ಎಂಬಂತೆ ಹೇಳುತ್ತಾರೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲನಿ ಗುರುತೇ ಸಿಗದಂತೆ ಬೆಳೆಯಿತು. ಖಾಲಿ ಪ್ಲಾಟುಗಳು ತುಂಬಿ, ಮನೆಗಳ ಮೇಲೆ ಮನೆ ಬಂದವು. ನಳ ಎಂಟು ದಿನಕ್ಕೊಮ್ಮೆಯಾಯಿತು. ಹೊಸದಾಗಿ ಬಂದವರು ನಮ್ಮ ಕೂಗಾಟ ಕೇಳಿ ನಗುತ್ತಿದ್ದರು, ಒಂದು ಬೇಸಿಗೆ ಕಳೆದ ಮೇಲೆ ತಾವೂ ಕೂಗುತ್ತಿದ್ದರು. ಆಚೆಯ ಬಡಾವಣೆಗಳಲ್ಲಿ ನಳದ ಮುಂದೆ ಕೊಡಗಳು ಹಾರಾಡುತ್ತಿದ್ದಾಗ ನಮ್ಮಲ್ಲಿ ಕಡೇ ಮನೆಗೂ ನೀರು ಮುಟ್ಟುತ್ತಿತ್ತು. ಅದು ಹೇಗೆ ಎಂದು ಪುರಸಭೆಯ ಒಬ್ಬರು ಕೇಳಲು ಬಂದಿದ್ದರು. "ನಾವೇನೂ ಮಾಡಿಲ್ಲರಿ, ಒಂದ ಶಬ್ದಾ ಬದಲಿ ಮಾಡೀವಿ," ಎಂದರು ಕಾಕು. ಬಂದವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಅರ್ಧ ವಾಟಗಾ ಕುಡಿದು ಹೋದರು. ನನಗೆ ಮಾತ್ರ ಅವತ್ತಿಗೂ ಇವತ್ತಿಗೂ, ಯಾವ ಊರಿನವಳೆಂದು ಯಾರಾದರೂ ಕೇಳಿದರೆ, ಕಾಕುವಿನ ಓಣಿಯವಳು ಎನ್ನಬೇಕೆಂದು ಬಾಯಿ ತುರಿಸುತ್ತದೆ.

ಒಂದು ಬೇಸಿಗೆಯ ಬೆಳಿಗ್ಗೆ ಅವ್ವನ ಫೋನು ಬಂತು. "ಕಾಕು ಹ್ವಾದ್ರು. ಲಗೂನ ಬಾ." ಸಿಕ್ಕ ಬಸ್ಸು ಹತ್ತಿದೆ.

ನಾನು ಊರು ಮುಟ್ಟಿದಾಗ ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಬೈಲಹೊಂಗಲದಿಂದ ಬಂದಿದ್ದ ಕಾಕುವಿನ ನೆಂಟರಲ್ಲಿ ಒಬ್ಬ ಹಿರಿಯ ಹೆಂಗಸು ಅಡುಗೆಮನೆಗೆ ಹೋಗಿ, "ಸೂತಕದ ನೀರು ಇಡಬಾರದು, ಎಲ್ಲಾ ಚೆಲ್ಲಿಬಿಡ್ರಿ," ಎಂದರು. ಸತ್ತ ಮನೆಯ ನೀರು ಚೆಲ್ಲುವುದು ಅವರ ರೂಢಿ, ಅವರ ತಪ್ಪೇನಿಲ್ಲ. ನಳ ಬಂದು ಎರಡೇ ದಿನವಾಗಿತ್ತು. ಹಂಡೆ, ಕೊಡ, ಎಲ್ಲ ತುಂಬಿದ್ದವು. ಆ ಸಲ ಕಡೇ ಓಣಿಗೆ ಮನೆಗೊಂದೇ ಕೊಡ ಸಿಕ್ಕಿತ್ತು, ಮುಂದಿನ ನೀರಿಗೆ ಇನ್ನೂ ಆರು ದಿನ. ಒಬ್ಬರು ತಾಮ್ರದ ಕೊಡ ಎತ್ತಿ ಗಟಾರದ ಹತ್ತಿರ ಬಂದೇ ಬಿಟ್ಟರು.

ಅವ್ವ ತನ್ನ ಕೊಡ ಹಿಡಿದು ಅಡ್ಡ ಕುಳಿತಳು.

"ತಡೀರಿ. ನಮ್ಮ ಮಂದ್ಯಾಗ ಸೂತಕ ಹಿಡ್ಯೂದಿಲ್ರಿ. ಚೆಲ್ಲೂದಾದ್ರ ಇದರಾಗ ಚೆಲ್ಲರಿ."

ಹಿರಿಯ ಹೆಂಗಸು ಕಾಕಾನ ಮುಖ ನೋಡಿದರು. ಕಾಕಾ ಕಟ್ಟೆಯ ಮೇಲಿಂದ ಏಳದೆ ಹೇಳಿದರು, "ಅದು ಇದ್ದ ನೀರು. ಒಯ್ಯಲಿ ಬಿಡ್ರಿ." ಹೊರುವವರು ಹೊತ್ತಾಗುತ್ತದೆಂದು ಅವಸರ ಮಾಡಿದರು. ಕಾಕಾ ಕೈಯೆತ್ತಿ ತಡೆದರು. "ಕಡೀ ಓಣಿಗೆ ಮುಟ್ಟಲಿ, ಆಮ್ಯಾಲೆ."

ಮೊದಲ ಓಣಿಯ ಹೆಂಗಸರೆಲ್ಲ ಸಾಲು ಹಿಡಿದೆವು. ನನ್ನ ಪಾಲಿಗೆ ಕಾಕುವಿನ ತಾಮ್ರದ ಕೊಡ ಬಂತು. ದಿಬ್ಬ ಹತ್ತುವಾಗ ಅದರ ಕಂಠ ಮೊಣಕೈಗೆ ಒತ್ತಿ ಉರಿಯುತ್ತಿತ್ತು. ಹೊಲಿಗೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಆವತ್ತು ನೀರು ಕುಡಿಯಬೇಕಿದ್ದ ಕೂಸು ಈಗ ಮೀಸೆ ಚಿಗುರಿದ ಹುಡುಗ. ಅವನು ಕೊಡ ಇಳಿಸಿಕೊಂಡು ಮನೆಮನೆಗೆ ಹಂಚಲು ಹೊರಟ. ಕಡೆಯ ಮನೆಯ ಹಂಡೆಗೆ ನೀರು ಬಿದ್ದ ಸದ್ದಾದ ಮೇಲೆ ಹೊಲಿಗೆಯಾಕೆ ದಿಬ್ಬದ ಅಂಚಿಗೆ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂದಿನಂತೆ ಬಾಯಿಗೆ ಕೈ ಒಡ್ಡಿ ಕೂಗಿದಳು.

"ಬಂತ್ರೀ ಕಾಕೂ!"

ಕೆಳಗೆ ಮೊದಲ ಓಣಿಯಲ್ಲಿ ಕಾಕಾ ಎದ್ದು ನಿಂತದ್ದು ಕಂಡಿತು. ಆಮೇಲೆ ಕಾಕುವನ್ನು ಎತ್ತಿದರು.