ಬಟ್ಟಲಾಗದ ಅಂಗೈ

ರತ್ನಮ್ಮನವರೇ, ನಿಮ್ಮ ಯಜಮಾನರನ್ನು ನಾನು ಹೊಡೆದಿದ್ದೇನೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ, ತೀವ್ರ ನಿಗಾ ಘಟಕದ ಮಂಚದ ಮೇಲೆ, ಅವರು ಎದ್ದು ಕೂರಲೂ ಆಗದೆ ಮಲಗಿದ್ದಾಗ. ನೀವು ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಕುಳಿತು, ಫಿಸಿಯೋಥೆರಪಿಯವನು ಒಳಗೆ ಚಿಕಿತ್ಸೆ ಕೊಡುತ್ತಿದ್ದಾನೆ ಎಂದು ನಂಬಿದ್ದಿರಿ. ಚಿಕಿತ್ಸೆಯ ಹೆಸರಿನಲ್ಲೇ ಹೊಡೆದೆ — ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅದಾಗಿ ಕೆಲವು ವರ್ಷಗಳೇ ಕಳೆದವು.

ಕಫ ಕಟ್ಟಿದ ಎದೆಗೆ ಮಾಡುವ ಆ ಚಿಕಿತ್ಸೆ ಹೊರಗಿನಿಂದ ನೋಡಿದವರಿಗೆ ಹೊಡೆತದಂತೆಯೇ ಕಾಣುತ್ತದೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನ ಮೇಲೆ ಟವೆಲ್ ಹಾಸಿ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಒಂದೇ ಲಯದಲ್ಲಿ ತಟ್ಟಬೇಕು. ಬಟ್ಟಲಿನೊಳಗಿನ ಗಾಳಿ ಮೆತ್ತೆಯಾಗುವುದರಿಂದ ಸದ್ದು ಜೋರಾಗಿ ಬಂದರೂ ನೋವಾಗುವುದಿಲ್ಲ. ಕಫ ಸಡಿಲಾಗಿ ಕೆಮ್ಮಿನಲ್ಲಿ ಹೊರಬರುತ್ತದೆ. ಅಂಗೈ ಚಪ್ಪಟೆಯಾದರೆ ಅದು ಬರೀ ಪೆಟ್ಟು. ಎರಡರ ನಡುವೆ ಇರುವುದು ಬೆರಳುಗಳ ಸಣ್ಣದೊಂದು ಬಾಗು — ಮಂಚದ ಸುತ್ತ ಪರದೆ ಎಳೆದ ಮೇಲೆ ಅದನ್ನು ನೋಡುವವರು ಯಾರು? ನನ್ನ ಅಂಗೈ ಚಪ್ಪಟೆಯಾಗಿತ್ತು.

ನ್ಯುಮೋನಿಯಾ ಎಂದು ಅವರನ್ನು ಮೊಳಕಾಲ್ಮೂರಿನಿಂದ ಕರೆತಂದ ದಿನವೇ ನಾನು ಗುರುತು ಹಿಡಿದಿದ್ದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಆಕ್ಸಿಜನ್ ಮಾಸ್ಕ್ ಸರಿಸಿ, "ಯಾವೂರಪ್ಪ ನಿಂದು? ಯಾರ ಮಗ?" ಎಂದು ಕೇಳಿದರು.

"ದಾವಣಗೆರೆ ಕಡೆಯವ್ನು ರೀ," ಎಂದೆ. ಮೊದಲ ಸುಳ್ಳು ಅದು.

ನಾನು ಗಂಗಮ್ಮನ ಮಗ, ರತ್ನಮ್ಮನವರೇ. ನಿಮ್ಮ ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದ ಗಂಗಮ್ಮ — ಲಾಳಿಯೊಳಗೆ ಇಡುವ ಆ ಪುಟ್ಟ ಕೊಳವೆಗಳಿಗೆ ರೇಷ್ಮೆ ತುಂಬುತ್ತಿದ್ದವಳು. ಶಾಲೆ ಬಿಟ್ಟೊಡನೆ ನಾನೂ ಅಲ್ಲಿಗೇ ಬರುತ್ತಿದ್ದೆ. ಎಷ್ಟೋ ಸಲ ನೀವೇ ಕರೆದು ಊಟ ಹಾಕಿದ್ದೀರಿ. ಒಂದು ದಿನ ಜರಿ ಸುತ್ತಿದ ಕಂಡಿಕೆ ಕಾಣೆಯಾಯಿತು. ಯಜಮಾನರು ಮಗ್ಗ ನಿಲ್ಲಿಸಿ, ನೇಯುವವರನ್ನೆಲ್ಲ ಕರೆದು, ಅವ್ವನಿಗೆ ಹೇಳಿದರು: "ಸೆರಗು ಒದರಮ್ಮ." ಅವ್ವ ಅಷ್ಟೂ ಜನರ ಎದುರು ಸೆರಗು ಒದರಿದಳು. ಏನೂ ಬೀಳಲಿಲ್ಲ. ಆದರೂ "ನಾಳೆಯಿಂದ ಬರಬ್ಯಾಡ" ಎಂದರು. ಮುಂದೆ ನಾವು ಚಳ್ಳಕೆರೆಗೆ ಬಂದೆವು, ಅವ್ವ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಕೂಲಿಗೆ ಸೇರಿದಳು.

ಯಜಮಾನರ ಬೆನ್ನು ನನ್ನ ಕೈಯಳತೆಗೆ ಸಿಕ್ಕಾಗ ನನಗೆ ನೆನಪಾದದ್ದು ಆ ಸೆರಗು. ಕೈ ತಾನಾಗಿಯೇ ಚಪ್ಪಟೆಯಾಯಿತು ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳು. ಕೈ ತಾನಾಗಿ ಏನನ್ನೂ ಮಾಡುವುದಿಲ್ಲ.

"ಸ್ವಲ್ಪ ಮೆಲ್ಲಗಪ್ಪ," ಎಂದರು.

"ಕಫ ಬರಬೇಕಲ್ರಿ. ತಡ್ಕೊಳ್ರಿ," ಎಂದೆ.

ಮರುದಿನ ಅವರು ಮೆಲ್ಲಗೆ ಎನ್ನಲೂ ಇಲ್ಲ. ನನ್ನನ್ನು ಕಂಡೊಡನೆ ಮಂಚದ ಕಂಬಿ ಹಿಡಿದುಕೊಂಡರು. ಹಾಗೆ ಬಿಗಿಹಿಡಿದ ಎದೆಯಿಂದ ಕಫ ಹೇಗೆ ಬಂದೀತು? ನನಗೆ ಅದು ಗೊತ್ತಿತ್ತು, ಅದನ್ನೇ ಓದಿ ಬಂದವನು ನಾನು — ಆದರೂ ನಿಲ್ಲಿಸಲಿಲ್ಲ.

ಅವರು ಯಾರ ಬಳಿಯೂ ದೂರಲಿಲ್ಲ. ದೂರಿದ್ದು ಅವರ ತಲೆಯ ಮೇಲಿದ್ದ ಮಾನಿಟರ್. ನಾನು ಬಾಗಿಲು ತಳ್ಳಿ ಒಳಗೆ ಬಂದರೆ ಸಾಕು, ಅದರಲ್ಲಿನ ಹಸಿರು ಅಂಕಿ, ಅಂದರೆ ನಾಡಿಯ ಅಂಕಿ, ಏರತೊಡಗುತ್ತಿತ್ತು. ಬೇರೆ ಯಾರು ಬಂದರೂ ಹಾಗಾಗುತ್ತಿರಲಿಲ್ಲ. ಆ ಪಾಳಿಯ ನರ್ಸ್ ಶಬಾನಾ ಇದನ್ನು ಗಮನಿಸಿಬಿಟ್ಟಳು.

"ಸರ್, ನೀವಿನ್ನೂ ಕೈನೇ ಇಟ್ಟಿಲ್ಲ, ಆಗ್ಲೇ ಏರ್ತೈತೆ ನೋಡ್ರಿ. ಯಾಕಿರಬೋದು?"

ಆಗಲಾದರೂ ಹೇಳಬಹುದಿತ್ತು. ನನ್ನ ಬದಲು ಬೇರೆಯವರನ್ನು ಕರೆಸಿ ಎಂದಿದ್ದರೂ ಸಾಕಿತ್ತು — ನೆಪ ಏನಾದರೊಂದು ಸಿಗುತ್ತಿತ್ತು. ನಾನು ಹೇಳಿದ್ದು ಇಷ್ಟು:

"ಹಾರ್ಟ್ ವೀಕ್ ಇರಬೇಕು ಸಿಸ್ಟರ್. ಡಾಕ್ಟರಿಗೆ ಹೇಳಿಬಿಡಿ."

ಡಾಕ್ಟರು ನನ್ನ ಮಾತನ್ನು ನಂಬಿದರು. ಹೃದಯದ ಪರೀಕ್ಷೆ ಮುಗಿಯುವವರೆಗೆ ಎದೆ ತಟ್ಟುವುದು ಬೇಡ ಎಂದರು. ಕಫ ಒಳಗೇ ಗಟ್ಟಿಯಾಯಿತು. ಆಕ್ಸಿಜನ್ ಅಂಕಿ ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ನೀವು ಆಚೆ ಬೆಂಚಿನ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿರಿ. ಪರೀಕ್ಷೆಯಲ್ಲಿ ಹೃದಯಕ್ಕೆ ಏನೂ ಆಗಿಲ್ಲವೆಂದು ಬಂತು. ಅದು ನನಗೆ ಹೆದರಿಕೊಂಡಿತ್ತು, ಅಷ್ಟೇ.

ಆಮೇಲೆ ಭಯ ನನ್ನ ಪಾಲಿಗೆ ಬಂತು. ಅಂಗೈ ಬಟ್ಟಲು ಮಾಡಿ, ಕಲಿತದ್ದನ್ನೆಲ್ಲ ನೆನೆದು ತಟ್ಟಿದೆ. ಅವರು ಉಳಿದರು. ದನಿ ಮಾತ್ರ ಇಂದಿಗೂ ಒಡೆದೇ ಇದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ನಿಮ್ಮೂರಿನವರು ಹೇಳುತ್ತಾರೆ. ನೀವು ಅದನ್ನು ವಯಸ್ಸು ಎಂದುಕೊಂಡಿರಬಹುದು. ಮನೆಗೆ ಹೊರಟ ದಿನ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ನಿನ್ ಹೊಟ್ಟೆ ತಣ್ಣಗಿರ್ಲಪ್ಪ" ಎಂದಿರಿ. ಯಜಮಾನರು ಗಾಲಿಕುರ್ಚಿಯಲ್ಲಿ ಮುಖ ಅತ್ತ ತಿರುಗಿಸಿ ಕುಳಿತಿದ್ದರು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇನ್ನೂ ಒಂದು ಮಾತು ಉಳಿದಿದೆ. ಆ ಜರಿಯ ಕಂಡಿಕೆ ಕದ್ದವನು ನಾನು. ಬಿಸಿಲಿಗೆ ಹಿಡಿದರೆ ಹೊಳೆಯುತ್ತದೆ ಎಂದು ತೆಗೆದುಕೊಂಡಿದ್ದೆ. ಅವ್ವ ಸೆರಗು ಒದರುವಾಗ ಕಂಬದ ಮರೆಯಲ್ಲಿ ನಿಂತು ಚಡ್ಡಿಯ ಜೇಬನ್ನು ಒತ್ತಿಹಿಡಿದಿದ್ದೆ. ಇದನ್ನು ಮರೆಯಲೆಂದೇ ಅವರನ್ನು ಅಷ್ಟು ದ್ವೇಷಿಸಿದೆನೇನೋ — ಬೇಡ, ವಿವರಿಸಲು ಹೋದರೆ ನೆಪ ಹೇಳಿದಂತಾಗುತ್ತದೆ.

ಹೋದ ವಾರ ಅವ್ವನಿಗೆ ಕಂಡಿಕೆಯ ವಿಷಯ ಹೇಳಿದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಗೊತ್ತೈತೆ ಬಿಡೋ. ಅವತ್ತೇ ಚಡ್ಡಿ ಒಗೆಯೋವಾಗ ಸಿಕ್ತು. ಬಾವಿಗೆ ಹಾಕ್ದೆ."

"ಮತ್ತೆ ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಹೊಡೀತಿದ್ರು. ಅಷ್ಟು ಸಣ್ಣ ಮೈ, ತಡ್ಕೊಳ್ತಿದ್ಯಾ?" ಅಕ್ಕಿಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದು ಮತ್ತೆ ಹೇಳಿದಳು: "ಆಸ್ಪತ್ರೇಲಿ ಅವ್ರನ್ನ ಚೆನ್ನಾಗಿ ನೋಡ್ಕೊಂಡ್ಯಲ್ಲ, ಅಷ್ಟು ಸಾಕು. ಅವ್ರ ಮನೆ ಅನ್ನ ಉಂಡೀವಿ."

ಅವಳಿಗೆ ಇನ್ನೂ ಅರ್ಧವೇ ಗೊತ್ತಿರುವುದು.

ಬರುವ ಸೋಮವಾರ ಅವ್ವನನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಬರುತ್ತೇನೆ. ಉಳಿದರ್ಧವನ್ನು ಬಸ್ಸಿನಲ್ಲಿ ಅವಳಿಗೆ ಹೇಳುತ್ತೇನೆ. ನಿಮ್ಮ ಪಡಸಾಲೆಯಲ್ಲಿ ಮಗ್ಗದವರೆಲ್ಲ ಇರುವಾಗಲೇ ಕಂಡಿಕೆಯ ಮಾತು ಆಗಬೇಕು. ಅವ್ವನಿಗೆ ಅವಮಾನವಾದದ್ದು ಅವರೆದುರಿಗೇ. ಅಲ್ಲಿಂದ ಮರಳಿದ ಮೇಲೆ ಆಸ್ಪತ್ರೆಯವರಿಗೂ ಎಲ್ಲ ಹೇಳುತ್ತೇನೆ. ಕೆಲಸ ಉಳಿಯಲಾರದು, ಉಳಿಯಲೂಬಾರದು.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಾನು ಬರುವ ವಿಷಯವನ್ನು ಯಜಮಾನರಿಗೆ ಮೊದಲೇ ತಿಳಿಸಿ. ನನ್ನನ್ನು ಕಂಡೊಡನೆ ಅವರ ಎದೆ ಮತ್ತೆ ಹೊಡೆದುಕೊಂಡರೆ ತೋರಿಸಲು ಅಲ್ಲಿ ಮಾನಿಟರ್ ಇರುವುದಿಲ್ಲ. ನೀವು ಅವರ ಕೈ ಹಿಡಿದು ಪಕ್ಕದಲ್ಲೇ ಕುಳಿತಿರಿ. ನಾನು ಹೊಸ್ತಿಲಿನಾಚೆ ನಿಂತೇ ಹೇಳುತ್ತೇನೆ. ಅವರು ಕರೆಯದೆ ಒಳಗೆ ಬರುವುದಿಲ್ಲ.